ಒಂಟಿ ಮನೆಯ ಮಗುವಿಗೆ ಜೊತೆಗಾರರು ಬೇಕೆಂದು ಶಿರಸಿಯಲ್ಲಿ ಬಿಡಾರ ಮಾಡುವುದು ಸರಿಯೇ?

ಪ್ರಶ್ನೆ ಕೇಳಿದವರು: ತೋಟದಮನೆ ತಾಯಿ, ಶಿರಸಿ ತಾಲ್ಲೂಕು
ಜುಲೈ 9

ಎಲ್ಲರಿಗೂ ನಮಸ್ಕಾರ.

ನಾನು ಶಿರಸಿ ಪೇಟೆಯಿಂದ 24 ಕಿಲೋಮೀಟರ್ ದೂರದ ಹಳ್ಳಿಯೊಂದಕ್ಕೆ ಸೊಸೆಯಾಗಿ ಬಂದವಳು. ನಮಗೆ ಏಳು ವರ್ಷದ ಒಬ್ಬಳೇ ಮಗಳು. ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೆಯ ತರಗತಿ ಓದುತ್ತಿದ್ದಾಳೆ. ಮನೆಯಲ್ಲಿ ಅವಳನ್ನು ಬಿಟ್ಟರೆ ನಾನು, ಯಜಮಾನರು, ಅತ್ತೆ, ಮಾವ ಮತ್ತು ಮಾವನ ಅಕ್ಕ, ಹೀಗೆ ಐದು ಜನ ದೊಡ್ಡವರಿದ್ದೇವೆ. ಐವರ ಕಣ್ಣೂ ಅವಳ ಮೇಲೆಯೇ ಇರುತ್ತದೆ. ಪ್ರೀತಿಗೆ ಯಾವ ಕೊರತೆಯೂ ಇಲ್ಲ.

ನಮ್ಮ ಕಡೆಯ ಊರುಗಳನ್ನು ನೋಡದವರಿಗಾಗಿ ಒಂದು ಮಾತನ್ನು ವಿವರಿಸಬೇಕಾಗುತ್ತದೆ. ಬಯಲುಸೀಮೆಯ ಹಾಗೆ ಇಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ. ಅಡಿಕೆ ತೋಟಕ್ಕೆ ಕಣಿವೆಯ ನೀರು ಬೇಕು, ತೋಟದ ತಲೆಯಲ್ಲಿ ಮನೆ ಇರಬೇಕು, ಅದರ ಹಿಂದೆ ತೋಟಕ್ಕೆ ಸೊಪ್ಪು ಕೊಡುವ ಸೊಪ್ಪಿನ ಬೆಟ್ಟವಿರಬೇಕು. ಹಾಗಾಗಿ ಒಂದು ಕಣಿವೆಗೆ ಒಂದೆರಡು ಮನೆಗಳು, ಆಮೇಲೆ ಕಾಡು, ಆಮೇಲೆ ಮತ್ತೊಂದು ಕಣಿವೆ. ನಮಗೆ ಹತ್ತಿರದ ಮನೆ ಅರ್ಧ ಕಿಲೋಮೀಟರ್ ದೂರದಲ್ಲಿದೆ ಮತ್ತು ಅಲ್ಲಿ ಈಗ ಎಪ್ಪತ್ತು ದಾಟಿದ ದಂಪತಿಗಳಿಬ್ಬರೇ ಇದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲಿದ್ದಾರೆ. ಯಜಮಾನರು ಚಿಕ್ಕವರಿದ್ದಾಗ ನಮ್ಮ ಈ ಒಂದೇ ಮನೆಯಲ್ಲಿ ಒಂಬತ್ತು ಮಕ್ಕಳಿದ್ದರಂತೆ. ಈಗ ಸುತ್ತಲಿನ ನಾಲ್ಕು ಮನೆಗಳಿಗೆ ಸೇರಿ ನನ್ನ ಮಗಳೊಬ್ಬಳೇ ಮಗು.

ಇದು ನನ್ನನ್ನು ಕಾಡತೊಡಗಿದ್ದು ಕಳೆದ ವರ್ಷ. ತೋಟದಲ್ಲಿ ಬಿದ್ದ ಅಡಿಕೆ ಹಾಳೆಯೊಂದನ್ನು ಎಳೆದು ತಂದು ಅಂಗಳದಲ್ಲಿಟ್ಟು, ಅದರ ಮೇಲೆ ಕುಳಿತು, ಅವಳು ಬಹಳ ಹೊತ್ತು ಸುಮ್ಮನೆ ನೋಡುತ್ತಿದ್ದಳು. ಹಾಳೆಬಂಡಿಯ ಆಟಕ್ಕೆ ಕೂರುವವರೊಬ್ಬರು, ಎಳೆಯುವವರೊಬ್ಬರು ಬೇಕಲ್ಲವೇ? ಮಂಡಿನೋವಿನ ಮಾವನವರು ಎದ್ದುಹೋಗಿ ಎರಡು ಸುತ್ತು ಎಳೆದರು. ಅವಳು ಇಳಿದು, 'ಸಾಕು ಅಜ್ಜ, ನಿಮಗೆ ಏದುಸಿರು ಬರುತ್ತದೆ' ಎಂದಳು. ಏಳು ವರ್ಷವೂ ತುಂಬದ ಮಗು ಆಟದ ಮಧ್ಯೆ ಎಳೆಯುವವರ ಉಸಿರನ್ನು ಲೆಕ್ಕ ಹಾಕಬೇಕಾಯಿತಲ್ಲ ಎಂದು ನನಗೆ ಸಂಕಟವಾಯಿತು.

ಅವಳ ಮಾತೂ ಹಿರಿಯರ ಮಾತೇ ಆಗಿದೆ. ಈ ಸಲ ಮಳೆ ಹಿಡಿದ ರೀತಿ ನೋಡಿದರೆ ಎರಡನೆಯ ಮದ್ದು ಹೊಡೆಯುವುದರೊಳಗೆ ಅಡಿಕೆಗೆ ಕೊಳೆರೋಗ ಬರುತ್ತದೆ ಎನ್ನುತ್ತಾಳೆ. ಯಾರಿಗೆ ಬೆನ್ನುನೋವು, ಯಾರಿಗೆ ಯಾವ ಮಾತ್ರೆ ಯಾವ ಹೊತ್ತಿಗೆ ಎಂಬುದು ಅವಳಿಗೆ ಗೊತ್ತು. ಮಳೆಗಾಲದಲ್ಲಿ ಅಜ್ಜಿಯೊಂದಿಗೆ ಚೆನ್ನೆಮಣೆ ಆಡುತ್ತಾಳೆ ಮತ್ತು ಪ್ರತಿ ಸಲವೂ ಗೆಲ್ಲುತ್ತಾಳೆ, ಏಕೆಂದರೆ ಅಜ್ಜಿ ಗೆಲ್ಲುವುದಿಲ್ಲ. ಶಾಲೆಯಲ್ಲಿ ಕುಂಟಾಬಿಲ್ಲೆಯಲ್ಲಿ ಗೆರೆ ಮೆಟ್ಟಿ ಔಟಾದ ದಿನ ಅವಳು ಅತ್ತು, ಉಳಿದವರು ಕರೆದರೂ ಹೋಗದೆ, ಬಿಸಿಯೂಟದವರೆಗೂ ಜಗುಲಿಯಲ್ಲೇ ಕುಳಿತಿದ್ದಳೆಂದು ಅಕ್ಕೋರು (ಶಿಕ್ಷಕಿ) ನನಗೆ ಹೇಳಿದರು.

ಶಾಲೆಯಲ್ಲಿ ಒಟ್ಟು ಹನ್ನೊಂದು ಮಕ್ಕಳಿದ್ದಾರೆ. ಎರಡನೆಯ ತರಗತಿಯಲ್ಲಿ ಇವಳು ಮತ್ತು ಒಬ್ಬ ಹುಡುಗ ಮಾತ್ರ. ಜೂನ್‌, ಜುಲೈ ಬಂತೆಂದರೆ ಜಿಲ್ಲಾಧಿಕಾರಿಗಳು ಮಳೆಯ ರಜೆ ಘೋಷಿಸುತ್ತಾರೆ. ಹಳ್ಳ ತುಂಬಿ ಕಾಲುಸಂಕದ ಮೇಲೆ ನೀರು ಬಂದರೆ ರಜೆ ಇಲ್ಲದಿದ್ದರೂ ನಾವು ಕಳುಹಿಸುವುದಿಲ್ಲ. ಹಾಗೆ ಒಮ್ಮೊಮ್ಮೆ ವಾರಗಟ್ಟಲೆ ಅವಳು ತನ್ನ ವಯಸ್ಸಿನ ಒಂದು ಮುಖವನ್ನೂ ನೋಡದೆ ಇರುವುದುಂಟು.

ಶಿರಸಿಯಲ್ಲಿ ಎರಡು ಕೋಣೆಯ ಬಿಡಾರ ಮಾಡಿ, ನಾನು ಮತ್ತು ಮಗಳು ಅಲ್ಲಿರುವುದು, ಯಜಮಾನರು ವಾರಕ್ಕೊಮ್ಮೆ ಬಂದು ಹೋಗುವುದು ಎಂಬ ಮಾತು ಈಗ ಮನೆಯಲ್ಲಿ ಎದ್ದಿದೆ. ಯಜಮಾನರೇ ಅದನ್ನು ಹೇಳಿದ್ದು. ಅತ್ತೆಯವರು ಏನೂ ಹೇಳಿಲ್ಲ, ಆದರೆ ಆ ದಿನದಿಂದ ಮಗಳಿಗೆ ತೆಳ್ಳೇವು (ತೆಳುವಾದ ದೋಸೆ) ಎರೆಯುವಾಗ ಒಂದನ್ನು ಹೆಚ್ಚಿಗೆ ಎರೆಯುತ್ತಿದ್ದಾರೆ. ನನಗೆ ಎರಡೂ ಕಡೆ ಎಳೆತ. ಒಂದು ಮಗುವಿಗೆ ಹೆಚ್ಚು ಬೇಕಾದದ್ದು ಮನೆ ತುಂಬ ಹಿರಿಯರೋ ಅಥವಾ ಜಗಳವಾಡಲು ಸರಿಸಮಾನರೋ? ಇದನ್ನು ಅನುಭವಿಸಿದವರು ದಯವಿಟ್ಟು ತಿಳಿಸಿ.

——

ಉತ್ತರ 1: ಬಿಡಾರ ಮಾಡಿ ಮರಳಿದವಳು, ಸಿದ್ದಾಪುರ
ಜುಲೈ 9

ಅಕ್ಕ, ನಾನು ನಾಲ್ಕು ವರ್ಷ ಶಿರಸಿಯಲ್ಲಿ ಬಿಡಾರ ಮಾಡಿದ್ದೆ. ಮಗ ಒಂದನೆಯ ತರಗತಿಗೆ ಸೇರಿದಾಗ ಹೋದೆ, ನಾಲ್ಕನೆಯದು ಮುಗಿಸಿದಾಗ ಮರಳಿದೆ. ಹೋದದ್ದು ತಪ್ಪು ಎಂದು ನಾನು ಹೇಳುವುದಿಲ್ಲ, ಆದರೆ ಹೋಗುವ ಮೊದಲು ಯಾರೂ ನನಗೆ ಹೇಳದ ಕೆಲವು ಸಂಗತಿಗಳನ್ನು ನಿಮಗೆ ಹೇಳಬೇಕು.

ಮಗನಿಗೆ ಲಾಭವಾಯಿತು. ಅವನು ಸೈಕಲ್ ಕಲಿತ, ಓಣಿಯ ಹುಡುಗರೊಂದಿಗೆ ಬ್ಯಾಟು ಹಿಡಿದ, ಹೊಡೆಸಿಕೊಂಡ, ಹೊಡೆದ, ಮರುದಿನ ಅದೇ ಹುಡುಗನ ಹೆಗಲ ಮೇಲೆ ಕೈಹಾಕಿಕೊಂಡು ಬಂದ. ಆದರೆ ನಾನು ಎಣಿಸಿದಷ್ಟು ಆಟ ಪೇಟೆಯಲ್ಲಿಯೂ ಇರಲಿಲ್ಲ. ಅಕ್ಕಪಕ್ಕದ ಮಕ್ಕಳು ಶಾಲೆಯಿಂದ ಬಂದು ಟ್ಯೂಷನ್‌ಗೆ ಹೋಗುತ್ತಿದ್ದರು, ಅಲ್ಲಿಂದ ಸಂಗೀತಕ್ಕೋ ಕರಾಟೆಗೋ ಹೋಗುತ್ತಿದ್ದರು. ದಿನಕ್ಕೆ ಮುಕ್ಕಾಲು ಗಂಟೆ ಮಕ್ಕಳು ಒಟ್ಟಿಗೆ ಸಿಕ್ಕಿದರೆ ಅದೇ ದೊಡ್ಡದು. ಆ ಮುಕ್ಕಾಲು ಗಂಟೆಗಾಗಿ ನಾವು ತಿಂಗಳಿಗೆ 5,500 ರೂಪಾಯಿ ಬಾಡಿಗೆ ಕೊಡುತ್ತಿದ್ದೇವೆಂದು ನನಗೆ ಎಷ್ಟೋ ಸಂಜೆ ಅನ್ನಿಸಿದ್ದುಂಟು.

ಕಳೆದುಕೊಂಡದ್ದು ಅವನ ಅಪ್ಪಯ್ಯನನ್ನು. ಮೊದಲ ವರ್ಷ ಅವರು ಪ್ರತಿ ಶನಿವಾರ ಹಾಲು, ಬಾಳೆಗೊನೆ, ಸೌದೆಯ ಒಲೆಯಲ್ಲಿ ಅತ್ತೆ ಮಾಡಿದ ತಿಂಡಿ ಹಿಡಿದುಕೊಂಡು ಬರುತ್ತಿದ್ದರು. ಕೊನೆಕೊಯ್ಲು ಶುರುವಾದ ಮೇಲೆ ಅಡಿಕೆ ಸುಲಿಸುವುದು, ಬೇಯಿಸುವುದು, ಒಣಗಿಸುವುದು ಎಲ್ಲ ಅವರ ತಲೆಯ ಮೇಲೆಯೇ ಇತ್ತು. ಮೂರು ವಾರಕ್ಕೊಮ್ಮೆ ಬಂದರೂ ಕುಳಿತಲ್ಲೇ ನಿದ್ದೆ ಹೋಗುತ್ತಿದ್ದರು. ಎರಡನೆಯ ವರ್ಷದಲ್ಲೊಂದು ದಿನ ಮಗ ನನ್ನ ಬಳಿ ಬಂದು, 'ಅಪ್ಪಯ್ಯ ಯಾವಾಗ ಹೋಗುತ್ತಾರೆ?' ಎಂದು ಪಿಸುಗುಟ್ಟಿದ. ಅದು ದ್ವೇಷದ ಮಾತಲ್ಲ. ಮನೆಗೆ ಬಂದ ನೆಂಟರ ಬಗ್ಗೆ ಮಕ್ಕಳು ಕೇಳುವ ಹಾಗೆ ಕೇಳಿದ. ಅವರು ಕದದಾಚೆಯೇ ಕಾಲು ತೊಳೆಯುತ್ತಿದ್ದರು ಮತ್ತು ಅದು ಅವರ ಕಿವಿಗೆ ಬಿತ್ತು. ಆ ವಿಷಯವನ್ನು ನಾವಿಬ್ಬರೂ ಇಂದಿನವರೆಗೆ ಮಾತನಾಡಿಲ್ಲ.

ಮರಳಿದ್ದು ಮಾವನವರಿಗೆ ಹುಷಾರಿಲ್ಲದ ಕಾರಣಕ್ಕೆ. ಮಗ ಈಗ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುತ್ತಾನೆ. ರಜೆಯಲ್ಲಿ ತಂದೆಯೊಂದಿಗೆ ಬೋರ್ಡೋ ದ್ರಾವಣಕ್ಕೆ ಸುಣ್ಣ, ಮೈಲುತುತ್ತ ಅಳೆದುಕೊಡುತ್ತಾನೆ. ಇಬ್ಬರ ನಡುವಿನ ಮಾತು ನಿಧಾನವಾಗಿ ಮರಳಿತು.

ಹೋಗುವುದೇ ಆದರೆ ಮರಳುವ ದಿನವನ್ನು ಮೊದಲೇ ಮಾತನಾಡಿಕೊಂಡು ಹೋಗಿ. ನಾವು ಹಾಗೆ ಮಾಡಲಿಲ್ಲ, ಹಾಗಾಗಿ ಪ್ರತಿ ಮೇ ತಿಂಗಳಲ್ಲಿ ಅದೇ ಚರ್ಚೆ, ಅದೇ ಅಳು. ನಿಮ್ಮ ಯಜಮಾನರು ತಾವಾಗಿ ಹೇಳಿದ್ದಾರೆಂದು ಬರೆದಿದ್ದೀರಿ. ನೀವಿಬ್ಬರೂ ಇಲ್ಲದ ಆ ಮನೆಯಲ್ಲಿ ತಾವು ರಾತ್ರಿಯೂಟಕ್ಕೆ ಕೂರುವುದು ಹೇಗಿರುತ್ತದೆಂದು ಅವರು ಯೋಚಿಸಿದ್ದಾರೆಯೇ ಎಂದು ಕೇಳಿ ನೋಡಿ.

——

ಉತ್ತರ 2: ಯಲ್ಲಾಪುರದ ತೋಟಿಗ
ಜುಲೈ 10

ನಾನು ತಂದೆಯಾಗಿ ಒಂದೇ ಮಾತು ಹೇಳುತ್ತೇನೆ. ಹನ್ನೊಂದು ಮಕ್ಕಳ ಶಾಲೆಯಿಂದ ಒಬ್ಬಳು ಹೋದರೆ ಹತ್ತಾಗುತ್ತದೆ. ನಮ್ಮೂರಿನಲ್ಲಿ ಹೀಗೆಯೇ ಒಬ್ಬೊಬ್ಬರಾಗಿ ಹೋಗಿ, ಕೊನೆಗೆ ಮೂವರು ಉಳಿದಾಗ ಶಾಲೆಗೆ ಬೀಗ ಬಿತ್ತು. ಉಳಿದ ಮೂವರು ಬಡವರ ಮಕ್ಕಳು, ಬಿಡಾರ ಮಾಡುವ ಶಕ್ತಿ ಅವರ ಮನೆಯವರಿಗೆ ಇರಲಿಲ್ಲ. ಶಕ್ತಿಯಿದ್ದವರಾದ ನಾವೇ ಮೊದಲು ಹೊರಟವರೆಂಬುದನ್ನು ನಾನು ಮರೆತಿಲ್ಲ. ದಯವಿಟ್ಟು ಅದನ್ನೂ ಎಣಿಕೆಗೆ ತೆಗೆದುಕೊಳ್ಳಿ.

——

ಉತ್ತರ 3: ಬೈತಖೋಲದ ತಾಯಿ, ಕಾರವಾರ
ಜುಲೈ 10

ಅಕ್ಕ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ನನ್ನ ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ತಪ್ಪಿದ್ದರೆ ಕ್ಷಮಿಸಿ.

ನನ್ನ ಸ್ಥಿತಿ ನಿಮ್ಮದಕ್ಕೆ ತೀರ ವಿರುದ್ಧ. ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ತಾಗಿದ ಮನೆಗಳಿವೆ. ನನ್ನ ಇಬ್ಬರು ಮಕ್ಕಳು ಬಾಗಿಲು ತೆರೆದರೆ ಹೊರಗೆ ಹತ್ತು ಮಕ್ಕಳು ನಿಂತಿರುತ್ತಾರೆ. ಆಟಕ್ಕೆ ಜೊತೆ ಎಂದೂ ಕಡಿಮೆಯಾಗಿಲ್ಲ. ನಮ್ಮಲ್ಲಿ ಕಡಿಮೆಯಿರುವುದು ತಂದೆ. ಯಜಮಾನರು ಯಾಂತ್ರಿಕ ದೋಣಿಯಲ್ಲಿ ಕೆಲಸ ಮಾಡುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ, ಮೀನು ಮರಿಯಿಡುವ ಕಾಲವೆಂದು 61 ದಿನ ಮೀನುಗಾರಿಕೆಗೆ ನಿಷೇಧವಿರುತ್ತದೆ. ಉಳಿದವರಿಗೆ ಅದು ದುಡಿಮೆಯಿಲ್ಲದ ಕಷ್ಟದ ಕಾಲ, ನನ್ನ ಮಕ್ಕಳಿಗೆ ಮಾತ್ರ ಹಬ್ಬ. ಬಲೆ ಹೆಣೆಯುತ್ತ ಕುಳಿತ ತಂದೆಯ ಬೆನ್ನಿಗೆ ಆತುಕೊಂಡು ಸಣ್ಣವನು ಮಗ್ಗಿ ಹೇಳುತ್ತಾನೆ. ಈ ಸಾಲುಗಳನ್ನು ನಾನು ಬರೆಯುತ್ತಿರುವಾಗ ಅವರು ಇಲ್ಲೇ ಇದ್ದಾರೆ, ಇನ್ನು ಮೂರು ವಾರವಷ್ಟೇ. ಅದಕ್ಕಾಗಿ, ತಂದೆ ದಿನವೂ ಕಣ್ಣಿಗೆ ಬೀಳುವ ಮನೆಯಿಂದ ಮಗುವನ್ನು ಎಬ್ಬಿಸಿಕೊಂಡು ಹೋಗುವುದು ನನಗೆ ಸುಲಭವಾಗಿ ಒಪ್ಪಿಗೆಯಾಗುವುದಿಲ್ಲ.

ಇನ್ನೊಂದು ವಿಷಯವನ್ನು ಕೇಳಬೇಕೋ ಬಾರದೋ ಎಂದು ಯೋಚಿಸಿದೆ. ಕೇಳುತ್ತೇನೆ, ನೊಂದುಕೊಳ್ಳಬೇಡಿ. ನಾನು ಸಣ್ಣವಳಿದ್ದಾಗ ನನ್ನ ತಾಯಿ ಮೀನಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುತ್ತಿದ್ದರು, ರಜೆಯಲ್ಲಿ ನಾನೂ ಜೊತೆಗೆ ಹೋಗುತ್ತಿದ್ದೆ. ಒಂದು ದೊಡ್ಡ ಮನೆಯಲ್ಲಿ ನನ್ನದೇ ವಯಸ್ಸಿನ ಹುಡುಗಿಯೊಬ್ಬಳು ಕಿಟಕಿಯ ಸರಳು ಹಿಡಿದು ನಿಂತಿರುತ್ತಿದ್ದಳು. ಆ ಮನೆಯಮ್ಮ ಮೀನು ಆರಿಸುತ್ತ, ನಮ್ಮ ಹುಡುಗಿಗೆ ಇಲ್ಲಿ ಆಡಲು ಯಾರೂ ಇಲ್ಲವೆಂದು ನನ್ನ ತಾಯಿಯ ಹತ್ತಿರ ಎಷ್ಟೋ ಸಲ ಹೇಳಿದ್ದಾರೆ. ನಾನು ಅಲ್ಲೇ, ಬುಟ್ಟಿಯ ಪಕ್ಕದಲ್ಲೇ ನಿಂತಿರುತ್ತಿದ್ದೆ. ಅವರು ಕೆಟ್ಟವರಲ್ಲ. ಹಬ್ಬಕ್ಕೆ ನನಗೆ ಲಂಗದ ಬಟ್ಟೆ ಕೊಟ್ಟವರು.

ನಿಮ್ಮ ತೋಟದ ಕೆಲಸಕ್ಕೆ ಜನ ಬರುತ್ತಾರಲ್ಲವೇ? ಅವರ ಮನೆಗಳು ಎಲ್ಲಿವೆ? ಆ ಮನೆಗಳಲ್ಲಿ ಮಕ್ಕಳಿಲ್ಲವೇ? ಸುತ್ತಲಿನ ನಾಲ್ಕು ಮನೆಗಳಿಗೆ ಸೇರಿ ಒಂದೇ ಮಗು ಎಂದು ಬರೆದಿದ್ದೀರಿ, ಶಾಲೆಯಲ್ಲಿ ಹನ್ನೊಂದು ಮಕ್ಕಳಿದ್ದಾರೆ ಎಂದೂ ಬರೆದಿದ್ದೀರಿ. ಉಳಿದ ಹತ್ತು ಮಕ್ಕಳು ಸಂಜೆ ಎಲ್ಲಿಗೆ ಹೋಗುತ್ತಾರೆ?

——

ತೋಟದಮನೆ ತಾಯಿ
ಜುಲೈ 12

ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು. ಕಾರವಾರದ ತಂಗಿಯ ಪ್ರಶ್ನೆಗೆ ನಾನು ಎರಡು ದಿನ ಉತ್ತರಿಸಲಾಗಲಿಲ್ಲ.

ಮಕ್ಕಳಿದ್ದಾರೆ. ನಮ್ಮ ಬೆಟ್ಟದ ಏರಿ ದಾಟಿ ಇಳಿದರೆ ಹತ್ತು ನಿಮಿಷದ ದಾರಿಯಲ್ಲಿ ಆರೇಳು ಮನೆಗಳಿವೆ. ಶಾಲೆಯ ಹೆಚ್ಚಿನ ಮಕ್ಕಳು ಅಲ್ಲಿಂದಲೇ ಬರುತ್ತಾರೆ. ನಮ್ಮ ತೋಟದ ಕೆಲಸಕ್ಕೆ ಬರುವ ದಂಪತಿಗಳ ಮಗಳು ಮೂರನೆಯ ತರಗತಿಯಲ್ಲಿದ್ದಾಳೆ, ಮಗ ಒಂದನೆಯ ತರಗತಿಯಲ್ಲಿದ್ದಾನೆ. ಆ ಹುಡುಗಿ ತಾಯಿಯೊಂದಿಗೆ ನಮ್ಮ ಅಂಗಳದವರೆಗೆ ಎಷ್ಟೋ ಸಲ ಬಂದಿದ್ದಾಳೆ. ಹತ್ತಿರದ ಮನೆ ಅರ್ಧ ಕಿಲೋಮೀಟರ್ ದೂರದಲ್ಲಿದೆ ಎಂದು ಬರೆಯುವಾಗ ನಾನು ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ನಾವು ಮನೆಗಳನ್ನು ಎಣಿಸುವ ಕ್ರಮದಲ್ಲಿ ಅವು ಬರುವುದೇ ಇಲ್ಲ, ಅದು ನನ್ನ ಗಮನಕ್ಕೇ ಬಂದಿರಲಿಲ್ಲ. ಆ ಕಿಟಕಿಯ ಹುಡುಗಿಯ ತಾಯಿಯ ಮಾತನ್ನೇ ನಾನು ಬೇರೆ ಅಕ್ಷರಗಳಲ್ಲಿ ಬರೆದಿದ್ದೇನೆ.

ರಾತ್ರಿ ಯಜಮಾನರಿಗೆ ಇದನ್ನು ಓದಿ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದು, ಆ ಮಕ್ಕಳ ತಂದೆಯೊಂದಿಗೇ ತಾನು ಹಳ್ಳದಲ್ಲಿ ಈಜು ಕಲಿತದ್ದು ಎಂದರು. ಹನ್ನೆರಡು ಹದಿಮೂರು ವರ್ಷದವರೆಗೆ ಇಬ್ಬರೂ ಒಂದೇ ಕಂಬಳಿಯ ಕೊಪ್ಪೆಯಲ್ಲಿ ಶಾಲೆಗೆ ಹೋಗಿದ್ದಾರಂತೆ. ಆಮೇಲೆ ಯಜಮಾನರು ಪೇಟೆಯ ಹೈಸ್ಕೂಲಿಗೆ ಹೋದರು, ಅವರು ನಮ್ಮ ತೋಟದ ಕೆಲಸಕ್ಕೆ ಬಂದರು. ಈಗ ಅವರು ಯಜಮಾನರನ್ನು 'ಒಡೆಯಾ' ಎಂದು ಕರೆಯುತ್ತಾರೆ. ಒಂದೇ ಊರಿನಲ್ಲಿದ್ದು ಹದಿನೈದು ವರ್ಷ ಸಂಸಾರ ಮಾಡಿದ ನನಗೆ ಈ ಸಂಗತಿ ತಿಳಿದಿರಲಿಲ್ಲ.

ನನ್ನ ಹಿಂಜರಿಕೆಯನ್ನೂ ಮುಚ್ಚಿಡಬಾರದು. ಅತ್ತೆಯವರು ಮತ್ತು ಮಾವನ ಅಕ್ಕ ಮಡಿಯಲ್ಲಿ ಬದುಕಿದವರು. ಅವರಿಬ್ಬರನ್ನೂ ನಾನು ಪ್ರೀತಿಸುತ್ತೇನೆ. ಜೊತೆಗೆ, ಕೂಲಿ ಕೊಡುವ ಮನೆಯವರು ಮಕ್ಕಳನ್ನು ಆಟಕ್ಕೆ ಕಳುಹಿಸಿ ಎಂದರೆ ಆ ತಾಯಿಗೆ ಅದು ಇನ್ನೊಂದು ಕೆಲಸದಂತೆ ಕೇಳಿಸಿದರೆ ಏನು ಮಾಡುವುದು? ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಇರುತ್ತದೆಯೇ?

——

ಉತ್ತರ 4: ನಿವೃತ್ತ ಶಿಕ್ಷಕಿ, ಕುಮಟಾ
ಜುಲೈ 13

ತಂಗಿ, ನಾನು 34 ವರ್ಷ ಪ್ರಾಥಮಿಕ ಶಾಲೆಗಳಲ್ಲಿ ಕಲಿಸಿದವಳು. ಅದರಲ್ಲಿ ಹನ್ನೊಂದು ವರ್ಷ ದೇವಿಮನೆ ಘಟ್ಟದ ಮೇಲಿನ ಊರುಗಳಲ್ಲಿ, ನಿಮ್ಮದರಂತಹ ಶಾಲೆಗಳಲ್ಲಿಯೇ ಇದ್ದೆ. ನಿಮ್ಮ ಕೊನೆಯ ಪ್ರಶ್ನೆ ಈ ಇಡೀ ಚರ್ಚೆಯಲ್ಲಿ ಬಹಳ ಮುಖ್ಯವಾದದ್ದು, ಆದ್ದರಿಂದ ಮೊದಲು ಅದಕ್ಕೆ ಉತ್ತರಿಸುತ್ತೇನೆ.

ಅವರ ಮಕ್ಕಳನ್ನು ನಿಮ್ಮ ಮನೆಗೆ ಕರೆಯಬೇಡಿ. ಮೊದಲು ನಿಮ್ಮ ಮಗಳನ್ನು ಕರೆದುಕೊಂಡು ನೀವು ಅವರ ಮನೆಗೆ ಹೋಗಿ. ಕೆಲಸದ ದಿನ ಬೇಡ, ಕೆಲಸದ ಮಾತೂ ಬೇಡ. ನನ್ನ ಮಗಳಿಗೆ ಆಡಲು ಜೊತೆಯಿಲ್ಲ, ನಿಮ್ಮ ಮಕ್ಕಳೊಂದಿಗೆ ಸ್ವಲ್ಪ ಹೊತ್ತು ಬಿಡಬಹುದೇ ಎಂದು ನೀವು ಕೇಳುವವರಾಗಿ ನಿಲ್ಲಿ. ಕೇಳುವವರ ಸ್ಥಾನದಲ್ಲಿ ನೀವಿದ್ದರೆ ಇಲ್ಲವೆನ್ನುವ ಅವಕಾಶ ಅವರಿಗೆ ಸ್ವಲ್ಪವಾದರೂ ಸಿಗುತ್ತದೆ. ಅವರು ಕೊಟ್ಟದ್ದನ್ನು ಮಗಳು ತಿನ್ನಲಿ. ಹಳೆಯ ಬಟ್ಟೆ, ಹಳೆಯ ಆಟಿಕೆ ಯಾವುದನ್ನೂ ಒಯ್ಯಬೇಡಿ. ಕೊಡುವವರು ಮತ್ತು ಪಡೆಯುವವರು ಎಂಬ ಭಾವ ಬಂದೊಡನೆ ಮಕ್ಕಳ ಆಟ ಕೆಡುತ್ತದೆ. ನಿಮ್ಮ ಮಗಳು ಹೇಳಿದಂತೆ ಉಳಿದವರು ಕೇಳತೊಡಗುತ್ತಾರೆ ಮತ್ತು ಆಗ ಅವಳಿಗೆ ಸಿಗುವುದು ಜೊತೆಗಾರರಲ್ಲ, ಇನ್ನಿಬ್ಬರು ಅಜ್ಜ ಅಜ್ಜಿಯರು.

ಎರಡನೆಯದು ಚೆನ್ನೆಮಣೆಯ ಮಾತು. ಇದು ಸಣ್ಣದೆಂದು ತಿಳಿಯಬೇಡಿ. ಹಿರಿಯರೇ ಇರುವ ಮನೆಯ ಮಕ್ಕಳಲ್ಲಿ ನಾನು ಪದೇ ಪದೇ ನೋಡಿದ್ದು ಇದನ್ನೇ. ಅವರ ಮಾತು ಚೆನ್ನಾಗಿರುತ್ತದೆ, ಕಥೆ, ಗಾದೆ, ಗಿಡಮರಗಳ ಹೆಸರು ಎಲ್ಲವೂ ಗೊತ್ತಿರುತ್ತದೆ, ಪ್ರತಿಭಾ ಕಾರಂಜಿಯಲ್ಲಿ ಕಥೆ ಹೇಳುವುದಕ್ಕೆ ಅವರೇ ಮುಂದೆ. ಆದರೆ ಸೋತಾಗ ಏನು ಮಾಡಬೇಕೆಂದು ಅವರಿಗೆ ತಿಳಿಯುವುದಿಲ್ಲ, ಏಕೆಂದರೆ ಮನೆಯಲ್ಲಿ ಯಾರೂ ಅವರನ್ನು ಸೋಲಿಸಿರುವುದಿಲ್ಲ. ಅಜ್ಜಿಗೆ ಹೇಳಿ, ನಾಳೆಯಿಂದ ಮೊಮ್ಮಗಳೊಂದಿಗೆ ನಿಜವಾಗಿ ಆಡಲಿ. ಹದಿನಾಲ್ಕು ಗುಳಿಗಳ ಲೆಕ್ಕ ಹಿಡಿಯುವುದರಲ್ಲಿ ಆ ತಲೆಮಾರಿನವರನ್ನು ಮೀರಿಸುವವರಿಲ್ಲ. ಮೂರು ಸಲ ಸೋತು ನಾಲ್ಕನೆಯ ಸಲ ತಾನಾಗಿ ಗೆದ್ದ ಮಗು ಕುಂಟಾಬಿಲ್ಲೆಯಲ್ಲಿ ಔಟಾದರೆ ಜಗುಲಿಗೆ ಹೋಗಿ ಕೂರುವುದಿಲ್ಲ.

ಅವಳು ಹಿರಿಯರಂತೆ ಮಾತನಾಡುತ್ತಾಳೆಂದು ಚಿಂತಿಸಬೇಡಿ. ಕೊಳೆರೋಗದ ಬಗ್ಗೆ ಮಾತನಾಡುವ ಮಗು ತನ್ನ ಮನೆಯ ಅನ್ನ ಎಲ್ಲಿಂದ ಬರುತ್ತದೆಂದು ತಿಳಿದ ಮಗು. ಆದರೆ ಮಾತ್ರೆಗಳ ಹೊತ್ತನ್ನು ನೆನಪಿಡುವ ಹೊಣೆಯನ್ನು ಅವಳಿಂದ ತೆಗೆಯಿರಿ. ಆ ಹಾಳೆಬಂಡಿಯ ದಿನ ಅವಳು ಅಜ್ಜನ ಉಸಿರನ್ನು ಗಮನಿಸಿದ್ದು ಒಳ್ಳೆಯ ಗುಣವೇ, ಆದರೂ ಮನೆಯ ಎಲ್ಲರ ನೋವನ್ನು ಕಾಯುವ ಅಭ್ಯಾಸ ಬೆಳೆದರೆ ಆಟದಲ್ಲಿ ಮೈಮರೆಯುವುದು ಅವಳಿಗೆ ಕಷ್ಟವಾಗುತ್ತದೆ.

ಶಾಲೆಯ ಬಗ್ಗೆ ಹೇಳಬೇಕೆಂದರೆ, ಎರಡನೆಯ ತರಗತಿಯಲ್ಲಿ ಇಬ್ಬರೇ ಎಂದು ಲೆಕ್ಕ ಹಾಕಬೇಡಿ. ನಲಿಕಲಿ ಪದ್ಧತಿಯಲ್ಲಿ ಒಂದು, ಎರಡು, ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ತಮ್ಮ ತಮ್ಮ ಕಲಿಕೆಯ ಏಣಿಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾರೆ. ದೊಡ್ಡವರು ಸಣ್ಣವರಿಗೆ ಹೇಳಿಕೊಡುತ್ತಾರೆ. ನೀವು ಹೇಳಿದ ಆ ಹುಡುಗಿ, ಅವಳ ತಮ್ಮ ಮತ್ತು ನಿಮ್ಮ ಮಗಳು ಮೂವರೂ ಆಗಲೇ ಒಂದೇ ಕೋಣೆಯಲ್ಲಿದ್ದಾರೆ. ಅಪರಿಚಿತರನ್ನು ಹುಡುಕುವ ಅಗತ್ಯವಿಲ್ಲ. ಒಂದರಿಂದ ಐದನೆಯ ತರಗತಿಯವರೆಗೆ ಅರವತ್ತು ಮಕ್ಕಳವರೆಗಿದ್ದರೂ ಇಬ್ಬರು ಶಿಕ್ಷಕರಿರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಒಬ್ಬರೇ ಇದ್ದರೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಅದನ್ನು ಕೇಳುವುದು ಪೋಷಕರ ಕೆಲಸ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೂ ಹೋಗಿನೋಡಿ. ಶಾಲಾ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವವಿದೆ. ತಿಂಗಳಿಗೊಂದು ಶನಿವಾರ ಮಧ್ಯಾಹ್ನ ನಾಲ್ಕು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯುವುದು ಕಷ್ಟವಾಗಲಾರದು.

ಯಲ್ಲಾಪುರದ ತಮ್ಮ ಹೇಳಿದ್ದು ಸತ್ಯ, ಆ ನೋವು ನನಗೂ ಗೊತ್ತು. ನಾನು ಮೊದಲು ಕೆಲಸಕ್ಕೆ ಸೇರಿದ ಶಾಲೆಯ ಕಟ್ಟಡದಲ್ಲಿ ಈಗ ಯಾರೋ ಹುಲ್ಲು ತುಂಬಿಟ್ಟಿದ್ದಾರೆ. ಆದರೂ ಶಾಲೆಯನ್ನು ಉಳಿಸುವ ಭಾರವನ್ನು ಏಳು ವರ್ಷದ ಹುಡುಗಿಯ ಮೇಲೆ ಹೊರಿಸಬಾರದು. ಅವಳಿಗೆ ಅಲ್ಲಿ ಸುಖವಿದ್ದರೆ ಇರಲಿ, ಇಲ್ಲವಾದರೆ ಹೋಗಲಿ.

ಬಿಡಾರದ ಪ್ರಶ್ನೆಯನ್ನು ಈ ವರ್ಷ ತೀರ್ಮಾನಿಸಬೇಕಾಗಿಲ್ಲ. ಕಿರಿಯ ಪ್ರಾಥಮಿಕ ಶಾಲೆ ಐದಕ್ಕೆ ಮುಗಿಯುತ್ತದೆ, ಆಮೇಲೆ ಹೇಗೂ ಬೇರೆ ಶಾಲೆಯನ್ನು ಯೋಚಿಸಬೇಕು. ಅಲ್ಲಿಯವರೆಗೆ ಅವಳನ್ನು ಗಮನಿಸಿ. ಮಕ್ಕಳ ನಡುವೆ ಬಿಟ್ಟಾಗ ಸ್ವಲ್ಪ ಹೊತ್ತು ದೂರ ನಿಂತು ಆಮೇಲೆ ಸೇರಿಕೊಂಡರೆ ಭಯವಿಲ್ಲ. ತಿಂಗಳುಗಟ್ಟಲೆ ಸೇರದೆ, ಶಾಲೆಗೆ ಹೋಗುವುದಿಲ್ಲವೆಂದು ಬೆಳಿಗ್ಗೆ ಹೊಟ್ಟೆನೋವು ಹೇಳತೊಡಗಿದರೆ ಆಗ ಮತ್ತೆ ಯೋಚಿಸಿ.

——

ತೋಟದಮನೆ ತಾಯಿ
ಜುಲೈ 22

ಭಾನುವಾರ ಮಳೆ ಸ್ವಲ್ಪ ಹೊಳವಾಗಿತ್ತು. ಮಗಳನ್ನು ಕರೆದುಕೊಂಡು ಏರಿ ದಾಟಿ ಹೋದೆ. ಕುಮಟಾದ ಅಕ್ಕೋರು ಹೇಳಿದಂತೆಯೇ ಕೈಯಲ್ಲಿ ಏನನ್ನೂ ಒಯ್ಯಲಿಲ್ಲ. ಬರಿಗೈಯಲ್ಲಿ ಒಂದು ಮನೆಗೆ ಹೋಗುವುದು ನನಗೆ ಇಷ್ಟು ಕಷ್ಟವಾಗುತ್ತದೆಂದು ತಿಳಿದಿರಲಿಲ್ಲ. ಆ ತಾಯಿ ನನ್ನನ್ನು ನೋಡಿ ಮೊದಲು ಗಾಬರಿಯಾದರು, ಕೆಲಸಕ್ಕೆ ಕರೆಯಲು ಬಂದೆನೆಂದು ತಿಳಿದು ಕತ್ತಿ ಹುಡುಕತೊಡಗಿದರು. ಅಲ್ಲವೆಂದು ಹೇಳಿ, ಬಂದ ಕಾರಣ ತಿಳಿಸಿದೆ. ಅವರು ಏನೂ ಹೇಳದೆ ಚಾಪೆ ಹಾಸಿದರು.

ಮಗಳು ಮೊದಲ ಅರ್ಧ ಗಂಟೆ ನನ್ನ ಸೆರಗು ಹಿಡಿದೇ ಇದ್ದಳು. ಆಮೇಲೆ ಮೂವರೂ ಮನೆಯ ಹಿಂದಿನ ಇಳಿಜಾರಿಗೆ ಹೋದರು. ಹಾಳೆಬಂಡಿಯಲ್ಲಿ ಇವಳನ್ನು ಕೂರಿಸಿ ಆ ಹುಡುಗಿ ಎಳೆದಳು. ತಿರುವಿನಲ್ಲಿ ಬಿದ್ದು ಮೊಣಕೈ ತರಚಿತು. ನಾನು ಏಳಲು ಹೋದಾಗ ಆ ತಾಯಿ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟು ಕೂರಿಸಿದರು. ಮಗಳು ಸ್ವಲ್ಪ ಅತ್ತಳು, ಯಾರೂ ಬಾರದಿದ್ದಾಗ ನಿಲ್ಲಿಸಿದಳು. ಎಳೆಯುವ ಸರದಿ ತನ್ನದೆಂದು ಹುಡುಗ ಕೂಗುತ್ತಿದ್ದ, ಇಲ್ಲ ತನ್ನದೆಂದು ಇವಳು ಜಗಳಕ್ಕೆ ನಿಂತಳು. ಅಷ್ಟು ಗಟ್ಟಿಯಾದ ದನಿಯಲ್ಲಿ ಅವಳು ಕೂಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ.

ಅವರು ಹಲಸಿನ ಬೀಜ ಸುಟ್ಟು ಕೊಟ್ಟರು, ಎಲ್ಲರೂ ತಿಂದೆವು. ಮನೆಗೆ ಬಂದ ಮೇಲೆ ಮಾವನ ಅಕ್ಕ ಏನು ತಿಂದೆಯೆಂದು ಕೇಳಿದರು, ಮಗಳು ಇದ್ದದ್ದನ್ನು ಹೇಳಿದಳು. ಅವರು ಅತ್ತೆಯವರ ಮುಖ ನೋಡಿದರು. ಅತ್ತೆಯವರು ಮೊಣಕೈಗೆ ಅರಿಸಿನ ಹಚ್ಚಿ, ದೀಪ ಹಚ್ಚುವ ಹೊತ್ತಾಯಿತೆಂದು ಒಳಗೆ ಹೋದರು. ಚೆನ್ನೆಮಣೆಯ ವಿಷಯ ಹೇಳಿದ್ದಕ್ಕೆ ಮಾತ್ರ ಅವರು ತಕ್ಷಣ ಒಪ್ಪಿದ್ದಾರೆ. ನಿನ್ನೆ ಮೊಮ್ಮಗಳನ್ನು ಎರಡು ಸಲ ಸೋಲಿಸಿದರು. ಮಗಳು ಹುಣಸೆಬೀಜಗಳನ್ನು ಚೆಲ್ಲಿ ಎದ್ದುಹೋಗಿ, ಕಾಲು ಗಂಟೆಯ ನಂತರ ತಾನೇ ಆರಿಸಿಕೊಂಡು ಬಂದಳು.

ಬಿಡಾರದ ಮಾತನ್ನು ಐದನೆಯ ತರಗತಿಯವರೆಗೆ ಎತ್ತುವುದು ಬೇಡವೆಂದು ನಾನೂ ಯಜಮಾನರೂ ನಿರ್ಧರಿಸಿದ್ದೇವೆ. ಸಿದ್ದಾಪುರದ ತಂಗಿ ಬರೆದದ್ದನ್ನು ಅವರು ತಾವೇ ಇನ್ನೊಮ್ಮೆ ಓದಿದರು.

ಬರುವ ಭಾನುವಾರ ಆ ಮಕ್ಕಳಿಬ್ಬರೂ ನಮ್ಮಲ್ಲಿಗೆ ಬರುತ್ತಾರೆ, ಮಧ್ಯಾಹ್ನದ ಊಟ ಇಲ್ಲಿಯೇ. ಮೂವರಿಗೂ ಒಟ್ಟಿಗೆ ಒಳಗೆ ಎಲೆ ಹಾಕಬೇಕೆಂಬುದು ನನ್ನ ಮನಸ್ಸು. ಇಂದು ರಾತ್ರಿ ಊಟವಾದ ಮೇಲೆ ಅತ್ತೆಯವರ ಬಳಿ ಕುಳಿತು ಅದನ್ನು ಮಾತನಾಡಬೇಕಾಗಿದೆ.